ಶಂಕರೆಪ್ಪನ ಹೆಸರಿನ ರಕ್ತ

ಇಂಡಿ ಊರಿನ ನಿಂಬೆಹಣ್ಣಿನ ವ್ಯಾಪಾರಿ ಶಂಕರೆಪ್ಪ ಹುಟ್ಟಿದ್ದು ಹುಳಿ ಮಾರುವುದಕ್ಕೆ, ಬದುಕಿದ್ದು ಸಿಹಿ ತಿನ್ನುವುದಕ್ಕೆ. ದಿನವಿಡೀ ನಿಂಬೆಯ ರಾಶಿಗಳ ನಡುವೆ ಕುಳಿತು ದರ ಕೂಗಿ ಬಂದವನು ಸಂಜೆ ಹೊಸ್ತಿಲು ದಾಟುವ ಮೊದಲೇ ಮೂಗನ್ನು ಅಡುಗೆಮನೆಗೆ ಕಳಿಸುತ್ತಿದ್ದ. ಗೋಧಿ ಮಾದಲಿ ಎಂದರೆ ಅವನಿಗೆ ಪ್ರಾಣ. ಮಾದಲಿಯ ಮೇಲೆ ತುಪ್ಪ, ತುಪ್ಪದ ಮೇಲೆ ಹಾಲು, ಅಷ್ಟೂ ಸಾಲದೆ ತಾಟಿನ ಅಂಚಿಗೆ ಒಂದು ತುಣುಕು ಬೆಲ್ಲ ಇಟ್ಟುಕೊಂಡು ಅವನು ಉಣ್ಣುವುದನ್ನು ನೋಡಿದರೆ ನೋಡಿದವರ ಹಲ್ಲು ಜುಮ್ಮೆನ್ನಬೇಕು. ಯಾರಾದರೂ ಮದುವೆಗೆ ಕರೆಯಲು ಬಂದರೆ ಹುಡುಗ ಯಾರು, ಹುಡುಗಿ ಎಲ್ಲಿಯವಳು ಎಂದು ಕೇಳುವುದು ಲೋಕದ ರೂಢಿ. ಶಂಕರೆಪ್ಪ ಕೇಳುತ್ತಿದ್ದದ್ದು ಸಿಹಿ ಏನು ಮಾಡಿಸುತ್ತೀರಿ ಎಂದು.

ಇಂಥ ಸುಖಜೀವಿಯ ಮೇಲೆ ಚಾಡಿ ಹೇಳಿದವರು ಮನುಷ್ಯರಲ್ಲ, ಇರುವೆಗಳು. ಬೆಳಗ್ಗೆ ಶಂಕರೆಪ್ಪ ಎದ್ದು ಹೋಗಿಬಂದ ಬಚ್ಚಲಿನ ಮೂಲೆಗೆ ಕೆಂಪಿರುವೆಗಳು ಸಾಲುಗಟ್ಟುವುದನ್ನು ಅವನ ಹೆಂಡತಿ ಸುನಂದಾ ನೋಡಿದಳು. ಅವಳು ಬಾಗೇವಾಡಿ ಕಡೆಯ ಹೆಣ್ಣುಮಗಳು. ಕಣ್ಣಿಗೆ ಬಿದ್ದದ್ದನ್ನು ಹಾಗೇ ಬಿಟ್ಟು ಗೊತ್ತಿಲ್ಲ. ಗಂಡ ರಾತ್ರಿ ತಂಬಿಗೆಗಟ್ಟಲೆ ನೀರು ಕುಡಿಯುವುದು, ಅಂಗಾಲು ಉರಿಯುತ್ತದೆಂದು ಕಾಲನ್ನು ತಣ್ಣನೆಯ ಫರಸಿ ಕಲ್ಲಿಗೆ ಒತ್ತಿ ಮಲಗುವುದು, ಇವನ್ನೆಲ್ಲ ಮೊದಲೇ ಮನಸ್ಸಿನಲ್ಲಿ ಗಂಟು ಹಾಕಿ ಇಟ್ಟುಕೊಂಡಿದ್ದಳು. ಇರುವೆಗಳನ್ನು ಕಂಡ ದಿನ ಆ ಗಂಟು ಬಿಚ್ಚಿದಳು.

ಹೊತ್ತೂ ಹಾಗೇ ಕೂಡಿ ಬಂದಿತ್ತು. ಒಬ್ಬಳೇ ಮಗಳು ರಾಜೇಶ್ವರಿಯನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದರು. ಬಸುರಿಯಾದ ಅವಳ ಕುಬಸ, ಅಂದರೆ ಸೀಮಂತ, ಇಂಡಿಯ ತವರುಮನೆಯಲ್ಲಿ ಆಗಬೇಕೆಂದು ಎರಡೂ ಕಡೆ ಮಾತಾಗಿತ್ತು. ಬೀಗರು, ನೆಂಟರು, ಓಣಿಯವರು ಬುತ್ತಿ ಹೊತ್ತು ಬರುವವರು. ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕರಿಗಡಬು, ಬೇಸನ್ ಉಂಡಿ, ಎಲ್ಲಕ್ಕೂ ಕಲಶವಿಟ್ಟಂತೆ ಮಾದಲಿ. ಆ ತಾಟನ್ನು ನೆನೆದು ಶಂಕರೆಪ್ಪ ಆಗಲೇ ಅರ್ಧ ಉಂಡಿದ್ದ.

"ನಾಳೆ ಹೋಗಿ ರಕ್ತಾ ತೋರಿಸ್ಕೊಂಡು ಬರ್ರಿ," ಎಂದಳು ಸುನಂದಾ. "ಸಕ್ಕರಿ ಇಲ್ಲಂತ ಬಂತಂದ್ರ ಕುಬಸದಾಗ ಹೊಟ್ಟಿ ಬಿರಿಯೂ ಹಂಗ ಉಣ್ರಿ, ನಾನ ಮುಂದ ಕುಂತು ಬಡಸ್ತೇನಿ. ಐತಿ ಅಂತ ಬಂತಂದ್ರ ಈ ಮನ್ಯಾಗ ನಿಮ್ಮ ತಾಟಿಗೆ ಬೆಲ್ಲದ ವಾಸನಿನೂ ಹತ್ತಂಗಿಲ್ಲ."

ಶಂಕರೆಪ್ಪ ಹೂಂ ಎಂದ. ಒಳಗೊಳಗೇ ಅವನಿಗೆ ಗೊತ್ತಿತ್ತು, ತನ್ನ ರಕ್ತವನ್ನು ಯಾವ ಸೂಜಿ ಮುಟ್ಟಿದರೂ ಅದು ಪಾಕದಲ್ಲಿ ಅದ್ದಿದಂತೆ ಹೊರಗೆ ಬರುತ್ತದೆ ಎಂದು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ರಾತ್ರಿ ಹೊರಳಾಡಿದ. ಬೆಳಗಾಗುವ ಹೊತ್ತಿಗೆ ಅವನ ತಲೆಯಲ್ಲಿ ಒಂದು ಯುಕ್ತಿ ಹೊಳೆದಿತ್ತು. ಯುಕ್ತಿ ಎಂದರೆ ದೊಡ್ಡ ಮಾತಾಯಿತು. ಸಾಲೆಯಲ್ಲಿ ಮಾಸ್ತರರು ಹಾಜರಿ ಕೂಗಿದಾಗ ಬಾರದ ಗೆಳೆಯನ ಪರವಾಗಿ ಇನ್ನೊಬ್ಬ ಎಸ್ ಸರ್ ಎನ್ನುತ್ತಿದ್ದನಲ್ಲ, ಅದೇ ಕಸುಬು.

ಆಗ ಶಂಕರೆಪ್ಪನ ಪರವಾಗಿ ಎಸ್ ಸರ್ ಎನ್ನುತ್ತಿದ್ದವನು ದಸ್ತಗೀರಸಾಬ. ಈಗಲೂ ಅವನೇ ಬೇಕಾಗಿತ್ತು. ದಸ್ತಗೀರಸಾಬನದು ತೊಗರಿಕಟ್ಟಿಗೆಯಂಥ ಮೈ. ಹೊಟ್ಟೆ ಎಂಬುದು ಬೆನ್ನಿಗೆ ಅಂಟಿಕೊಂಡಿತ್ತು. ತನ್ನ ಟೆಂಪೋದಲ್ಲಿ ಇಂಡಿಯ ನಿಂಬೆಯನ್ನು ಕರಾವಳಿಯ ಪೇಟೆಗಳಿಗೆ ಮುಟ್ಟಿಸುವುದು ಅವನ ಕೆಲಸ. ಮಾಲು ಹೋಗುವವರೆಗೆ ಅಲ್ಲೇ ಕಟ್ಟೆಯ ಮೇಲೆ ಮಲಗಿ, ಖಾಲಿ ಗಾಡಿ ಹೊಡೆದುಕೊಂಡು ಮರಳುತ್ತಿದ್ದ. ಆಯುಷ್ಯದಲ್ಲಿ ಒಂದು ದಿನವೂ ದವಾಖಾನೆಯ ಮೆಟ್ಟಿಲು ಹತ್ತಿದವನಲ್ಲ ಎಂದು ಎದೆ ತಟ್ಟಿ ಹೇಳಿಕೊಳ್ಳುವ ಆಸಾಮಿ. ಶಂಕರೆಪ್ಪ ಪೀಠಿಕೆ ಹಾಕಿ, ಸುತ್ತು ಬಳಸಿ, ಕಡೆಗೂ ವಿಷಯಕ್ಕೆ ಬಂದಾಗ ದಸ್ತಗೀರಸಾಬ ನಿಟ್ಟುಸಿರು ಬಿಟ್ಟ.

"ನಾ ಎಲ್ಲಿ ಕುಬಸಕ್ಕ ಟೆಂಪೋ ಪುಕ್ಕಟ ಕೇಳ್ತಿ ಅಂತ ಅಂಜಿದ್ದೆ. ರಕ್ತಾ ಹೌದಲ್ಲೋ? ತಗೊ, ಬೇಕಾದಷ್ಟು ತಗೊ."

ಇಂಡಿಯಲ್ಲಿ ಶಂಕರೆಪ್ಪನ ಮುಖ ಗೊತ್ತಿಲ್ಲದವರು ಇರಲಿಲ್ಲ. ಆದ್ದರಿಂದ ಸಿಂದಗಿಯೇ ಆಗಬೇಕೆಂದು ಗೊತ್ತಾಯಿತು. ಅಲ್ಲಿನ ಒಂದು ಲ್ಯಾಬಿಗೆ ಹೊಸ ಮಿಷನ್ನು ಬಂದಿದೆ, ರಕ್ತ ಇಟ್ಟರೆ ತಾನೇ ಎಣಿಸಿ ತಾನೇ ಹೇಳುತ್ತದೆ, ಸುಳ್ಳು ಎಂಬುದು ಅದಕ್ಕೆ ಬರುವುದೇ ಇಲ್ಲ ಎಂದು ಶಂಕರೆಪ್ಪ ಹೆಂಡತಿಗೆ ಸ್ವತಃ ಬಣ್ಣಿಸಿದ. ಸುನಂದಾ ಒಪ್ಪಿದಳು. ಆದರೆ ರಿಪೋರ್ಟು ಮಾತ್ರ ತನ್ನ ಮೊಬೈಲಿಗೇ ಬರಬೇಕು ಎಂದಳು. ಬರಲಿ ಬಿಡು, ನೀನೇ ಮೊದಲು ಓದು ಎಂದು ಶಂಕರೆಪ್ಪ ಉದಾರವಾಗಿ ನಕ್ಕ.

ಮರುದಿನ ಬೆಳಗ್ಗೆ ಗೆಳೆಯರಿಬ್ಬರೂ ಬಸ್ಸು ಹಿಡಿದು ಸಿಂದಗಿಗೆ ಹೋದರು. ಸಕ್ಕರೆ ನೋಡಲು ಖಾಲಿ ಹೊಟ್ಟೆ ಬೇಕಲ್ಲ, ಆ ಉಪವಾಸ ದಸ್ತಗೀರಸಾಬನ ಪಾಲಿಗೆ ಬಂತು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಶಂಕರೆಪ್ಪ ಚುರುಮುರಿ ಸೂಸಲ ತಿಂದ, ಮಿರ್ಚಿ ತಿಂದ, ಇನ್ನು ನನ್ನ ರಕ್ತಕ್ಕೆ ಯಾರ ಭಯ ಎಂದು ಜಿಲೇಬಿಯನ್ನೂ ತರಿಸಿಕೊಂಡ. ಎದುರಿಗೆ ಕುಳಿತ ದಸ್ತಗೀರಸಾಬ ನೀರು ಕುಡಿಯುತ್ತ, ನಿನ್ನ ಹೆಸರಿನಲ್ಲಿ ಬದುಕುವುದು ಬಹಳ ಕಷ್ಟವಪ್ಪಾ ಎಂದ.

ಲ್ಯಾಬಿನಲ್ಲಿ ಇದ್ದವಳು ಫರಹತ ಎಂಬ ಹುಡುಗಿ. ಹೆಸರು ಕೇಳಿದಳು, ದಸ್ತಗೀರಸಾಬ ಉರು ಹೊಡೆದಂತೆ ಶಂಕರೆಪ್ಪ ಎಂದ. ವಯಸ್ಸು, ಊರು, ಸುನಂದಾಳ ಮೊಬೈಲ್ ನಂಬರು, ಎಲ್ಲವೂ ತಪ್ಪಿಲ್ಲದೆ ಬಂತು. ಸಕ್ಕರೆಯ ಜೊತೆಗೆ ರಕ್ತದ ಕಣಗಳನ್ನೂ ಮಿಷನ್ನಿಗೆ ಹಾಕಿ ಎಣಿಸುತ್ತೇವೆ, ಎರಡೂ ಸೇರಿಯೇ ರಿಪೋರ್ಟು ಎಂದಳು ಫರಹತ. ರಿಪೋರ್ಟು ಉದ್ದ ಇದ್ದಷ್ಟೂ ಹೆಂಡತಿಗೆ ನಂಬಿಕೆ ಜಾಸ್ತಿ ಎಂದುಕೊಂಡು, ಪಕ್ಕದಲ್ಲಿ ನೆಂಟನಂತೆ ಕುಳಿತಿದ್ದ ಶಂಕರೆಪ್ಪ ತಾನೇ ಮುಂದಾಗಿ ಆಗಲಿ ಎಂದ. ಇತ್ತೀಚೆಗೆ ಜ್ವರ ಗಿರ ಬಂದಿತ್ತೇ ಎಂದು ಅವಳು ಕೇಳಿದ್ದಕ್ಕೆ ದಸ್ತಗೀರಸಾಬ ಒಂದು ಗಳಿಗೆ ಯೋಚಿಸಿ, ಇಲ್ಲ ಎಂದ.

ಆ ಒಂದು ಗಳಿಗೆಯಲ್ಲಿ ಏನು ಯೋಚಿಸಿದ ಎಂಬುದನ್ನು ಅವನು ಆಮೇಲೆ ಹೇಳಿದ. ಜ್ವರ ಬಂದಿತ್ತು. ದಿನ ಬಿಟ್ಟು ದಿನ ಚಳಿ ಬಂದು ಹಲ್ಲು ಕಟಕಟ ಎಂದಿತ್ತು, ಹಿಂದಿನ ದಿನವೂ ಬಂದಿತ್ತು. ಆದರೆ ಆ ಚಳಿ ದಸ್ತಗೀರಸಾಬನದು. ಕುರ್ಚಿಯಲ್ಲಿ ಕುಳಿತವನು ಶಂಕರೆಪ್ಪ. ಶಂಕರೆಪ್ಪನಿಗೆ ಎಲ್ಲಿಯ ಚಳಿ? ಇಷ್ಟು ಪ್ರಾಮಾಣಿಕವಾಗಿ ಸುಳ್ಳು ಹೇಳುವವರು ಈ ನಾಲ್ಕು ತಾಲೂಕುಗಳಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ.

ಮಧ್ಯಾಹ್ನ ಶಂಕರೆಪ್ಪ ಮನೆಗೆ ಬಂದಾಗ ಸುನಂದಾ ಮೊಬೈಲು ಹಿಡಿದು ಪಡಸಾಲೆಯಲ್ಲಿ ಕುಳಿತಿದ್ದಳು. ರಿಪೋರ್ಟಿನಲ್ಲಿ ಸಕ್ಕರೆಯದಷ್ಟೇ ಮೊದಲು ಬಂದಿದೆ, ಸಕ್ಕರೆ ಇಲ್ಲ ಎಂದಳು. ಸಣ್ಣ ಹುಡುಗರ ರಕ್ತದ ಹಾಗೆ ಇದೆಯಂತೆ ಎಂದಳು. ಇರುವೆಗಳ ಮಾತು ಕೇಳಿ ಗಂಡನನ್ನು ಅನುಮಾನಿಸಿದ್ದಕ್ಕೆ ಅವಳ ಮುಖದಲ್ಲಿ ನಾಚಿಕೆಯೂ ಇತ್ತು. ಶಂಕರೆಪ್ಪ ಲೋಡಿಗೆ ಒರಗಿ, ಕಾಲು ಚಾಚಿ, ರಾತ್ರಿಗೆ ಸ್ವಲ್ಪ ಮಾದಲಿ ಮಾಡಿದರೆ ಹೇಗೆ ಎಂದು ಕೇಳುತ್ತಿದ್ದ. ಅಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು. ಫರಹತ. ಸುನಂದಾ ಸ್ಪೀಕರಿಗೆ ಹಾಕಿದಳು.

ಆ ಹುಡುಗಿ ಗಾಬರಿಪಡಿಸದಂತೆ ನಿಧಾನವಾಗಿ ಹೇಳಿದಳು. ಮಿಷನ್ನು ರಕ್ತದ ಕಣಗಳನ್ನು ಒಂದೊಂದಾಗಿ ಹಾಯಿಸಿ, ಅವುಗಳ ಗಾತ್ರ ನೋಡಿ, ಬೆಳಕು ಬಿಟ್ಟು ನೋಡಿ, ಬೇರೆ ಬೇರೆ ಗುಂಪು ಮಾಡುತ್ತದೆ. ಯಾವ ಗುಂಪಿಗೂ ಸೇರದ ಕಣಗಳು ಇರಬಾರದ ಜಾಗದಲ್ಲಿ ಕಾಣಿಸಿಕೊಂಡರೆ, ಜೊತೆಗೆ ಪ್ಲೇಟ್ಲೆಟ್ಟೂ ಇಳಿದಿದ್ದರೆ, ಮಲೇರಿಯಾ ಇರಬಹುದೆಂಬ ಗುರುತು ಹಾಕುತ್ತದೆ. ಅದು ಬರೀ ಶಂಕೆ. ಖಾತ್ರಿಗೆ ಕಣ್ಣಿನಿಂದಲೇ ನೋಡಬೇಕು. ಶಂಕರೆಪ್ಪನಿಗೆ ಪೇಟೆಯಲ್ಲಿ ಹೆಂಗಸರು ನಿಂಬೆಹಣ್ಣು ವಿಂಗಡಿಸುವುದು ನೆನಪಾಯಿತು. ದಪ್ಪದ್ದು ಇತ್ತ, ಸಣ್ಣದ್ದು ಅತ್ತ, ಹುಳುಕಿನದು ಬೇರೆ.

"ಅದ ರಕ್ತದ ಒಂದು ಹನಿ ಗಾಜಿನ ಮ್ಯಾಲ ಹಚ್ಚಿ ನಾನ ಮೈಕ್ರೋಸ್ಕೋಪಿನ್ಯಾಗ ನೋಡಿದೆ, ಅಕ್ಕಾರ. ಖರೇನ ಮಲೇರಿಯಾ ಐತ್ರಿ. ಅಂಜಬ್ಯಾಡ್ರಿ, ಇದಕ್ಕ ಗುಳಗಿ ಅದಾವು. ಆದ್ರ ತಡಾ ಮಾಡಬ್ಯಾಡ್ರಿ," ಎಂದಳು ಫರಹತ. ಮಲೇರಿಯಾ ಸಿಕ್ಕರೆ ಸರಕಾರಕ್ಕೆ ತಿಳಿಸಲೇಬೇಕೆಂದು ಇಂಡಿಯ ಆರೋಗ್ಯ ಇಲಾಖೆಗೂ ಹೆಸರು ಕಳಿಸಿದ್ದಳು.

ಸುನಂದಾಳ ಕಣ್ಣಲ್ಲಿ ನೀರು ಬಂತು. ಶಂಕರೆಪ್ಪನಿಗೆ ಮೊದಲು ನಗು ಬಂತು. ತನಗೆಲ್ಲಿಯ ಮಲೇರಿಯಾ ಎನ್ನಲು ಬಾಯಿ ತೆರೆದ. ರಕ್ತ ಯಾರದು ಎಂಬುದು ಅವನಿಗೆ ಆಗ ನೆನಪಾಯಿತು.

ಹಿತ್ತಲಿಗೆ ಹೋಗಿ ದಸ್ತಗೀರಸಾಬನಿಗೆ ಫೋನು ಹಚ್ಚಿದ. ದಸ್ತಗೀರಸಾಬ ಕೇಳಿ ಗಹಗಹಿಸಿ ನಕ್ಕ. ಮಿಷನ್ನು ಯಾರ ಹೆಸರು ಹೇಳಿದೆಯೋ ಅವರೇ ಮಲಗಬೇಕು ಎಂದ. ತನಗೆ ಏನೂ ಆಗಿಲ್ಲ, ಒಂದಿಷ್ಟು ಮೈಕೈ ನೋವು, ಗಾಡಿ ಹೊಡೆದು ಹೊಡೆದು ಬಂದದ್ದು ಎಂದ. ಇಂಡಿ ದವಾಖಾನೆಗೆ ಹೋಗಿ ಸುಮ್ಮನೆ ತೋರಿಸಿಕೊಂಡು ಬಾ ಎಂದು ಶಂಕರೆಪ್ಪ ಒಂದು ಸಲ ಹೇಳಿದ. ಎರಡನೇ ಸಲ ಹೇಳಲಿಲ್ಲ. ಒಂದೇ ದಿನ ಸಿಂದಗಿಗೆ ಜೊತೆಯಾಗಿ ಹೋದ ಇಬ್ಬರಿಗೂ ಮಲೇರಿಯಾ ಎಂದಾದರೆ ಸುನಂದಾ ಎರಡಕ್ಕೆ ಎರಡು ಕೂಡಿಸದೆ ಬಿಡುವವಳಲ್ಲ. ಕುಬಸ ಒಂದು ಮುಗಿಯಲಿ, ಆಮೇಲೆ ನಾನೇ ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆ ಎಂದು ಮನಸ್ಸಿಗೆ ಸಮಾಧಾನ ಹೇಳಿದ. ಗೆಳೆಯನ ಜೀವವನ್ನು ಒಂದು ತಕ್ಕಡಿಗೆ, ಮಾದಲಿಯನ್ನು ಇನ್ನೊಂದಕ್ಕೆ ಹಾಕಿದ್ದೇನೆ ಎಂದು ಅವನಿಗೆ ಅನ್ನಿಸಲಿಲ್ಲ. ಅನ್ನಿಸಿದ್ದರೂ ಆಗ ಒಪ್ಪುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಆಶಾ ಕಾರ್ಯಕರ್ತೆ ಸಿದ್ದಲಿಂಗವ್ವ ಗುಳಿಗೆಗಳನ್ನು ಹಿಡಿದು ಬಂದಳು. ಮನೆಯ ಹಂಡೆ, ಡ್ರಮ್ಮು, ಹಿತ್ತಲಲ್ಲಿ ಬಿದ್ದ ಟೈರು, ಎಲ್ಲವನ್ನೂ ಬಗ್ಗಿ ನೋಡಿ, ನಿಂತ ನೀರನ್ನೆಲ್ಲ ಚೆಲ್ಲಿಸಿದಳು. ಸುನಂದಾಳ ಬೆರಳಿಗೂ ಚುಚ್ಚಿ ರಕ್ತ ಒಯ್ದಳು. ಮೊದಲ ಮೂರು ದಿನ ಒಂದು ಥರದ ಗುಳಿಗೆ, ಅದರ ಜೊತೆ ಎರಡು ವಾರ ಇನ್ನೊಂದು ಥರದ್ದು. ಎಲ್ಲವನ್ನೂ ಅವಳ ಕಣ್ಣೆದುರಿಗೇ ನುಂಗಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ. ಎಮ್ಮೆ ಗುಳಿಗೆಗಳನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಅವನ್ನು ದವಡೆಯ ಸಂದಿಗೆ ಸರಿಸಿಕೊಂಡಿತು. ಗುಳಿಗೆ ನುಂಗುವುದಕ್ಕೆ ಅವನಿಗೆ ಅಂಜಿಕೆ. ಅದಕ್ಕಿಂತ ಹೆಚ್ಚಾಗಿ, ಅವನ್ನು ಉಳಿಸಿ ದಸ್ತಗೀರಸಾಬನಿಗೆ ಮುಟ್ಟಿಸಿದರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ ಎಂಬುದು ಅವನ ಲೆಕ್ಕ.

ಲೆಕ್ಕದಲ್ಲಿ ಒಂದು ಬಿಟ್ಟುಹೋಗಿತ್ತು. ಆ ಗುಳಿಗೆಯ ಕಹಿ. ಆಯುಷ್ಯವಿಡೀ ಸಕ್ಕರೆಯನ್ನಷ್ಟೇ ಕಂಡ ನಾಲಿಗೆಯ ಮೇಲೆ ಅದು ಕರಗತೊಡಗಿತು. ಸಿದ್ದಲಿಂಗವ್ವ ಹೋಗುವ ಲಕ್ಷಣವೇ ಇಲ್ಲ. ಸೊಳ್ಳೆ ಎಲ್ಲಿ ಮೊಟ್ಟೆ ಇಡುತ್ತದೆ, ಪರದೆ ಹೇಗೆ ಕಟ್ಟಬೇಕು ಎಂದು ಸುನಂದಾಳಿಗೆ ಸಾವಕಾಶವಾಗಿ ವಿವರಿಸುತ್ತಿದ್ದಳು. ಶಂಕರೆಪ್ಪನ ಕಣ್ಣಲ್ಲಿ ನೀರು ಇಳಿಯಿತು. ಪಾಪ, ಜ್ವರದ ಸಂಕಟ ಎಂದು ಇಬ್ಬರೂ ಹೆಂಗಸರು ಮರುಗಿದರು. ಸಿದ್ದಲಿಂಗವ್ವ ಅತ್ತ ಹೋಗುತ್ತಲೇ ಅವನು ಬಚ್ಚಲಿಗೆ ಓಡಿ, ಉಳಿದದ್ದನ್ನು ವಸ್ತ್ರದಲ್ಲಿ ಉಗುಳಿ ಗಂಟು ಕಟ್ಟಿದ.

ಸುನಂದಾ ಮಾತ್ರ ಗಂಡನನ್ನು ತೊಟ್ಟಿಲ ಕೂಸಿನಂತೆ ನೋಡಿಕೊಂಡಳು. ಜ್ವರದ ಬಾಯಿಗೆ ಸಿಹಿ ಒಳ್ಳೆಯದಲ್ಲ ಎಂದು ಬೆಲ್ಲದ ಡಬ್ಬಿಯನ್ನು ಮೇಲೆ ಎತ್ತಿಟ್ಟಳು. ಜೋಳದ ಗಂಜಿ, ಮೆಣಸಿನ ಸಾರು, ಅಮೃತಬಳ್ಳಿಯ ಕಷಾಯ. ಸಕ್ಕರೆ ಇಲ್ಲ ಎಂದು ರುಜು ಮಾಡಿಕೊಂಡ ಮನುಷ್ಯನಿಗೆ ಸಕ್ಕರೆಯೇ ಸಿಗದಂತಾಯಿತು. ರಾತ್ರಿ ಪರದೆಯೊಳಗೆ ಮಲಗಿಸಿ, ಹಣೆ ಮುಟ್ಟಿ ನೋಡಿ, ಜ್ವರ ಏರಲಿಲ್ಲ ಎಂದು ದೇವರಿಗೆ ಕೈಮುಗಿದಳು. ಅವಳ ಆ ಕೈ ಹಣೆಯ ಮೇಲೆ ಇದ್ದಾಗ ಮಾತ್ರ ಶಂಕರೆಪ್ಪನಿಗೆ ನಿಜಕ್ಕೂ ಸಂಕಟವಾಯಿತು.

ಎರಡನೆಯ ದಿನ ಮನೆಯಿಂದ ಉಪಾಯವಾಗಿ ತಪ್ಪಿಸಿಕೊಂಡು ನಿಂಬೆ ಪೇಟೆಗೆ ಹೋದ. ದಸ್ತಗೀರಸಾಬ ಟೆಂಪೋದ ಚಕ್ರ ಬಡಿದು ನೋಡುತ್ತಿದ್ದ. ಮುಖ ಸ್ವಲ್ಪ ಸೋತಿತ್ತು, ಕಣ್ಣು ಹಳದಿ ತಿರುಗಿದ ಹಾಗಿತ್ತು. ಶಂಕರೆಪ್ಪ ವಸ್ತ್ರದ ಗಂಟು ಬಿಚ್ಚಿದ. ಅರ್ಧ ಕರಗಿ ಅಂಟಾದ ಗುಳಿಗೆಗಳನ್ನು ದಸ್ತಗೀರಸಾಬ ಹತ್ತಿರದಿಂದ ನೋಡಿದ.

"ಲೇ ಶಂಕ್ರ್ಯಾ, ಸಾಲ್ಯಾಗ ನಿನ್ನ ಎಂಜಲ ಪೇರಲಹಣ್ಣ ತಿಂದೇನಿ, ಖರೆ. ಎಂಜಲ ಗುಳಗಿ ತಿನ್ನೂ ಮಟಾ ಇನ್ನೂ ಬಂದಿಲ್ಲ."

ತಮಾಷೆ ಬೇಡ, ನುಂಗು ಎಂದು ಶಂಕರೆಪ್ಪ ಗೋಗರೆದ. ಸರಿ, ಉಂಡ ಮೇಲೆ ನುಂಗುತ್ತೇನೆ ಎಂದು ದಸ್ತಗೀರಸಾಬ ಗಂಟನ್ನು ಜೇಬಿಗೆ ಹಾಕಿಕೊಂಡ. ನಾಳೆ ಮಾಲು ತುಂಬಿಕೊಂಡು ಕರಾವಳಿಗೆ ಹೊರಡುತ್ತೇನೆ, ನಿನ್ನ ಕುಬಸದ ಹೊತ್ತಿಗೆ ತಿರುಗಿ ಬರುತ್ತೇನೆ ಎಂದ. ಶಂಕರೆಪ್ಪ ಬೇಡ ಎನ್ನಬೇಕಾಗಿತ್ತು. ಹುಷಾರು ಎಂದ.

ಮೂರನೆಯ ದಿನ ಮಧ್ಯಾಹ್ನ ಪೇಟೆಯಲ್ಲಿ ಬಿಸಿಲು ಹೆಂಚಿನಂತೆ ಕಾದಿತ್ತು. ಹಮಾಲಿ ಖಂಡೆಪ್ಪ ಚೀಲ ಹೊತ್ತು ತಂದು ಕೊಡುತ್ತಿದ್ದ, ದಸ್ತಗೀರಸಾಬ ಟೆಂಪೋದ ಮೇಲೆ ನಿಂತು ಒಟ್ಟುತ್ತಿದ್ದ. ನಡುವೆಯೇ ಅವನು ಚೀಲ ಬಿಟ್ಟು ಕೆಳಗಿಳಿದ, ನಾಲ್ಕು ಹೆಜ್ಜೆ ನಡೆದ, ನಿಂಬೆಹಣ್ಣಿನ ರಾಶಿಯ ಮೇಲೆ ಕುಸಿದ. ಹಣ್ಣುಗಳು ನಾಲ್ಕೂ ಕಡೆ ಉರುಳಿದವು. ಜನ ಮೊದಲು ನಕ್ಕರು. ದಸ್ತಗೀರಸಾಬ ಇಂಥ ಆಟ ಆಡುವವನೇ. ಅವನು ಮೊಣಕಾಲನ್ನು ಎದೆಗೆ ಎಳೆದುಕೊಂಡು, ಚಳಿ, ಏನಾದರೂ ಹೊಚ್ಚಿರಿ ಎಂದ. ಖಂಡೆಪ್ಪ ಒಂದು ಖಾಲಿ ಗೋಣಿಚೀಲ ಹೊಚ್ಚಿದ, ಇನ್ನೊಂದು ಹೊಚ್ಚಿದ, ಕೈಗೆ ಸಿಕ್ಕಿದ್ದನ್ನೆಲ್ಲ ಹೊಚ್ಚಿದ. ಚೀಲಗಳ ಗುಡ್ಡೆಯೇ ನಡುಗತೊಡಗಿತು. ಅಂಥ ಬಿಸಿಲಿನಲ್ಲಿ ಒಬ್ಬ ಮನುಷ್ಯ ಹಾಗೆ ನಡುಗುವುದನ್ನು ಕಂಡು ನಗುತ್ತಿದ್ದವರ ಬಾಯಿ ಬಂದಾಯಿತು. ಶಂಕರೆಪ್ಪ ಚೀಲಗಳ ಮೇಲೆ ಬಿದ್ದು ಗೆಳೆಯನನ್ನು ತಬ್ಬಿ ಹಿಡಿದ.

ಅದೇ ಟೆಂಪೋದಲ್ಲಿ ಮಲಗಿಸಿಕೊಂಡು ಇಂಡಿಯ ಸರಕಾರಿ ದವಾಖಾನೆಗೆ ಒಯ್ದರು. ಡಾಕ್ಟರು ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾಡಿ ನೋಡುತ್ತ, ನಿಮ್ಮ ಹೆಸರೇನು ಎಂದು ರೋಗಿಯನ್ನೇ ಕೇಳಿದಳು. ದಸ್ತಗೀರಸಾಬನ ಕಣ್ಣು ಅರ್ಧ ಮುಚ್ಚಿದ್ದವು, ಹಲ್ಲುಗಳು ಒಂದಕ್ಕೊಂದು ಬಡಿಯುತ್ತಿದ್ದವು.

"ಶಂಕರೆಪ್ಪ," ಎಂದ.

ಅವನು ಜ್ವರದ ಭ್ರಮೆಯಲ್ಲಿ ಹಾಗೆ ಅಂದನೋ, ಗೆಳೆಯನ ಮಾನ ಕಾಯಲು ಅಂದನೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕೇಳಿದರೆ ನೆನಪಿಲ್ಲ ಎನ್ನುತ್ತಾನೆ. ನರ್ಸು ಕಂಪ್ಯೂಟರಿನಲ್ಲಿ ನೋಡಿ, ಶಂಕರೆಪ್ಪ, ಇಂಡಿ, ಮಲೇರಿಯಾ, ಮೂರು ದಿನದಿಂದ ಗುಳಿಗೆ ನಡೆದಿವೆ ಎಂದು ಓದಿದಳು. ಡಾಕ್ಟರ ಹುಬ್ಬು ಗಂಟಾಯಿತು. ಮೂರು ದಿನ ಗುಳಿಗೆ ನುಂಗಿಯೂ ಹೀಗಾಗಿದೆ ಎಂದರೆ ಔಷಧ ಹತ್ತುತ್ತಿಲ್ಲ, ಇದು ಬೇರೆಯೇ ಥರದ್ದು, ಇಲ್ಲಿ ಇಟ್ಟುಕೊಳ್ಳುವುದು ಬೇಡ, ವಿಜಯಪುರಕ್ಕೆ ಕಳಿಸಬೇಕು, ಬಲವಾದ ಇಂಜೆಕ್ಷನ್ನು ಬೇಕಾಗುತ್ತದೆ ಎಂದು ಗಡಿಬಿಡಿಯಲ್ಲಿ ಹೇಳತೊಡಗಿದಳು. ಅಷ್ಟರಲ್ಲಿ ನರ್ಸು ದಸ್ತಗೀರಸಾಬನ ಜೇಬಿನಿಂದ ಒಂದು ವಸ್ತ್ರದ ಗಂಟು ಹೊರತೆಗೆದಳು. ಒಳಗೆ ಅಂಟು ಅಂಟಾದ ಗುಳಿಗೆಗಳು ಹಾಗೇ ಇದ್ದವು.

ಬಾಗಿಲಲ್ಲಿ ಸುನಂದಾ ಬಂದು ನಿಂತಿದ್ದಳು. ಪೇಟೆಯ ಯಾರೋ ಫೋನು ಮಾಡಿದ್ದರು. ಅವಳ ಪಕ್ಕದಲ್ಲಿ ದಸ್ತಗೀರಸಾಬನ ಹೆಂಡತಿ ಅಖ್ತರಬೇಗಂ, ಚಪ್ಪಲಿಯಿಲ್ಲದ ಕಾಲಿನಲ್ಲಿ ಓಡಿಬಂದವಳು. ಶಂಕರೆಪ್ಪ ಇಬ್ಬರನ್ನೂ ನೋಡಿದ. ಮಾದಲಿಯ ತಾಟು, ಬೀಗರ ಎದುರಿನ ಮಾನ, ಎಲ್ಲವೂ ಅವನ ಕಣ್ಣೆದುರು ಬಂದು ನಿಂತದ್ದು ಸುಳ್ಳಲ್ಲ. ಆದರೆ ಮಂಚದ ಮೇಲೆ ತನ್ನ ಹೆಸರು ಹೊತ್ತುಕೊಂಡು ಒಬ್ಬ ನಡುಗುತ್ತಿದ್ದ.

"ಡಾಕ್ಟರ್ರ, ಶಂಕರೆಪ್ಪ ನಾನ್ರಿ. ಇಂವ ದಸ್ತಗೀರಸಾಬ. ಸಿಂದಗಿ ಲ್ಯಾಬಿನ್ಯಾಗ ಕೊಟ್ಟ ರಕ್ತಾ ಇವಂದು, ಹೆಸರ ನಂದು. ಗುಳಗಿ ನನ್ನ ಬಾಯಾಗ ಹೋಗಿ ಈ ಗಂಟಿನ್ಯಾಗ ಬಂದಾವು. ಇವನ ಹೊಟ್ಟಿಗೆ ಒಂದೂ ಮುಟ್ಟಿಲ್ರಿ."

ಡಾಕ್ಟರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬೈಯಲು ಅವಳಿಗೆ ಪುರುಸೊತ್ತಿರಲಿಲ್ಲ. ಸಿಂದಗಿಗೆ ಫೋನು ಮಾಡಿ ಫರಹತಳಿಂದ ಎಲ್ಲವನ್ನೂ ಕೇಳಿ ತಿಳಿದುಕೊಂಡಳು, ದಸ್ತಗೀರಸಾಬನ ಬೆರಳು ಚುಚ್ಚಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿದಳು. ಔಷಧ ಹತ್ತದ ಮಲೇರಿಯಾ ಅಲ್ಲ, ಔಷಧವನ್ನೇ ಕಾಣದ ಮಲೇರಿಯಾ ಎಂದು ಖಾತ್ರಿಯಾಯಿತು. ಸಲಾಯಿನ್ ಹಚ್ಚಿ, ಜ್ವರ ಇಳಿಸಿ, ಒಂದಿಷ್ಟು ತಿನ್ನಿಸಿ, ಅದೇ ಸಾದಾ ಗುಳಿಗೆಯನ್ನು ಶುರು ಮಾಡಿದರು. ಇನ್ನೆರಡು ಸಲ ಹೀಗೆ ಚಳಿ ಬಂದಿದ್ದರೆ, ಅದೂ ದಾರಿಯಲ್ಲಿ ಗಾಡಿ ಹೊಡೆಯುವಾಗ ಬಂದಿದ್ದರೆ, ನಾವು ಇವರನ್ನು ಇಲ್ಲಿ ನೋಡುತ್ತಿರಲಿಲ್ಲ ಎಂದಷ್ಟೇ ಅವಳು ಶಂಕರೆಪ್ಪನಿಗೆ ಹೇಳಿದಳು.

ಸುನಂದಾ ಗಂಡನ ಮೊಣಕೈ ಹಿಡಿದು ನರ್ಸಿನ ಮುಂದೆ ತಂದು ಕೂಡಿಸಿದಳು. ಅವನ ಬೆರಳನ್ನು ತಾನೇ ಹಿಡಿದು ಮುಂದೆ ಚಾಚಿದಳು. ಈ ಸಲ ಬೆರಳು ಯಾರದು ಎಂಬ ಅನುಮಾನವೇ ಬೇಡ ಎಂಬಂತೆ. ಸಕ್ಕರೆ ನೋಡುವ ಸಣ್ಣ ಯಂತ್ರದಲ್ಲಿ ಬಂದ ಅಂಕಿಯನ್ನು ನೋಡಿ ನರ್ಸು, ಯಂತ್ರ ಕೆಟ್ಟಿರಬೇಕು ಎಂದು ಇನ್ನೊಂದು ತಂದಳು. ಅದೂ ಅದನ್ನೇ ಹೇಳಿತು. ಯಂತ್ರ ಕೆಟ್ಟಿರಲಿಲ್ಲ.

ಕುಬಸ ಚೆನ್ನಾಗಿ ನಡೆಯಿತು. ಮುದ್ದೇಬಿಹಾಳದ ಬೀಗರು ಬಂದರು, ರಾಜೇಶ್ವರಿ ಹಸಿರು ಸೀರೆ ಉಟ್ಟು ಕುಳಿತಳು, ಬುತ್ತಿಗಳು ಬಿಚ್ಚಿದವು. ಶಂಕರೆಪ್ಪನ ತಾಟಿಗೆ ಬಂದದ್ದು ಜೋಳದ ರೊಟ್ಟಿ, ಹಾಗಲಕಾಯಿ ಪಲ್ಯ, ಮೆಂತ್ಯೆಸೊಪ್ಪು. ಸುನಂದಾ ಹೇಳಿದಂತೆ ಮುಂದೆ ಕುಳಿತೇ ಬಡಿಸಿದಳು. ಬೀಗರು ಯಾಕೆ ಎಂದು ಕೇಳಿದಾಗ ಅವಳು ಇದ್ದದ್ದನ್ನು ಇದ್ದ ಹಾಗೆ, ಒಂದೂ ಬಿಡದೆ ಹೇಳಿದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನ್ನು ನೋಡಿ ಶಂಕರೆಪ್ಪನೂ ನಕ್ಕ, ಹಾಗಲಕಾಯಿಯನ್ನು ಅಗಿಯುತ್ತ.

ಆಶ್ಚರ್ಯವೆಂದರೆ ಆ ನಗು ಅವನಿಗೆ ಹಿಡಿಸಿತು. ಪೇಟೆಯಲ್ಲೂ ಜನ ಕರೆದು ಕರೆದು ಕಥೆ ಕೇಳತೊಡಗಿದರು. ಹೇಳಿ ಹೇಳಿ ಕಥೆಗೆ ಹೊಳಪು ಬಂತು. ಸ್ವಲ್ಪ ದಿನದಲ್ಲಿ ಅದರಲ್ಲಿ ಶಂಕರೆಪ್ಪನೇ ಧೀರನಾದ. ನಾನು ಆ ಸುಳ್ಳು ಹೇಳದಿದ್ದರೆ ದಸ್ತಗೀರಸಾಬ ತನ್ನ ಕಾಲಿನಿಂದ ಲ್ಯಾಬಿಗೆ ಹೋಗುತ್ತಿದ್ದನೇ? ಮಿಷನ್ನು ಅವನ ರಕ್ತ ನೋಡುತ್ತಿತ್ತೇ? ಅವನ ಜೀವ ಉಳಿದದ್ದು ನನ್ನ ಮಾದಲಿಯ ಆಸೆಯಿಂದ ಎಂದು ಕಡೆಗೆ ಒಂದು ಮಾತು ಸೇರಿಸುತ್ತಿದ್ದ. ಜನ ತಲೆದೂಗುತ್ತಿದ್ದರು. ಮಾತಿನಲ್ಲಿ ಸತ್ಯವೂ ಇತ್ತಲ್ಲ.

ದಸ್ತಗೀರಸಾಬನ ಗುಳಿಗೆ ಇನ್ನೂ ನಡೆದಿದ್ದವು. ದಿನವೂ ಅವನು ನುಂಗುವುದನ್ನು ನೋಡುವ ಕೆಲಸವನ್ನು ಶಂಕರೆಪ್ಪ ಸಿದ್ದಲಿಂಗವ್ವನ ಬೆನ್ನು ಹತ್ತಿ, ತಾನೂ ಅವಳ ಜೊತೆ ಹೋಗುತ್ತೇನೆಂದು ಕೇಳಿ ಹಚ್ಚಿಕೊಂಡಿದ್ದ. ನುಂಗಿದ ಮೇಲೆ ನಾಲಿಗೆ ಎತ್ತಿಸಿ, ದವಡೆಯ ಎರಡೂ ಸಂದಿಗೆ ಬ್ಯಾಟರಿ ಬಿಟ್ಟು ನೋಡುತ್ತಿದ್ದ. ಈ ವಿದ್ಯೆಯಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಅಖ್ತರಬೇಗಂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಚಹಾ ಕೊಡುತ್ತಿದ್ದಳು. ಮಾತು ಕೊಡುತ್ತಿರಲಿಲ್ಲ.

ಕೊನೆಯ ಗುಳಿಗೆಯ ದಿನ ಸಿದ್ದಲಿಂಗವ್ವ ಹೋದ ಮೇಲೂ ಶಂಕರೆಪ್ಪ ಕುಳಿತೇ ಇದ್ದ. ದಸ್ತಗೀರಸಾಬನ ಮುಖಕ್ಕೆ ಕಳೆ ಬಂದಿತ್ತು. ನಾಳೆಯಿಂದ ಗಾಡಿ ಹೊರತೆಗೆಯುವ ಮಾತಾಡುತ್ತಿದ್ದ. ಖುಷಿಯಲ್ಲಿ ಶಂಕರೆಪ್ಪ ಪೇಟೆಯ ಕಥೆಯನ್ನು ಅಖ್ತರಬೇಗಂಳ ಮುಂದೂ ಬಿಚ್ಚಿದ. ಕಡೆಯ ಮಾತಿಗೆ ಬಂದ. ಏನೇ ಅನ್ನಿ ಭಾಬಿ, ನನ್ನ ಸುಳ್ಳಿನಿಂದಲೇ ಇವನು ಉಳಿದ ಎಂದ.

ಅಖ್ತರಬೇಗಂ ಕೈಯಲ್ಲಿದ್ದ ಕಪ್ಪು ಕೆಳಗಿಟ್ಟಳು.

"ಹೌದಣ್ಣಾ, ನಿಮ್ಮ ಸುಳ್ಳಿನಿಂದ ಬ್ಯಾನಿ ಸಿಕ್ತು. ಸಿಕ್ಕ ದಿನಾನ ಹೇಳಿದ್ರ ನಾನೂ ನಿಮ್ಮ ಜೋಡಿ ನಗತಿದ್ದೆ. ಮರುದಿನ ಇವರಿಗೆ ಚಳಿ ಬಂದಾಗ ಎರಡು ಕೌದಿ ಹೊಚ್ಚಿದೆ. ನಡಗೋದು ನಿಲ್ಲಲಿಲ್ಲ ಅಂತ ಮ್ಯಾಲ ಬಿಗಿಯಾಗಿ ಹಿಡಕೊಂಡು ಕುಂತೆ. ಏನಾಗೇತಿ ಅನ್ನೋದು ನನಗ ಗೊತ್ತಿರ್ಲಿಲ್ಲ. ನಿಮಗ ಗೊತ್ತಿತ್ತು."

ದಸ್ತಗೀರಸಾಬ ಬಿಡು ಬಿಡು ಎಂದು ಹೆಂಡತಿಗೆ ಕೈಸನ್ನೆ ಮಾಡಿದ. ಅದೇ ದಿನ ತಾನು ಪರದೆಯೊಳಗೆ ಮಲಗಿ, ಜ್ವರವಿಲ್ಲದ ಹಣೆಗೆ ಹೆಂಡತಿಯ ಕೈ ಇಡಿಸಿಕೊಂಡಿದ್ದೆ ಎಂಬುದು ಶಂಕರೆಪ್ಪನ ನೆನಪಿಗೆ ಬಂತು.

"ಗೊತ್ತಿತ್ತು, ಭಾಬಿ," ಎಂದ.

ಅವಳು ತಲೆಯಾಡಿಸಿ ಒಳಗೆ ಹೋದಳು. ಶಂಕರೆಪ್ಪ ಈಗಲೂ ಪೇಟೆಯಲ್ಲಿ ಆ ಕಥೆ ಹೇಳುತ್ತಾನೆ. ಇರುವೆಗಳಿಂದ ಶುರು ಮಾಡಿ, ಜಿಲೇಬಿ, ಮಿಷನ್ನು, ಕಹಿ ಗುಳಿಗೆ, ಎಲ್ಲವನ್ನೂ ಬಣ್ಣ ಹಚ್ಚಿ ಹೇಳಿ ಜನರನ್ನು ನಗಿಸುತ್ತಾನೆ. ಆದರೆ ಅಖ್ತರಬೇಗಂ ಕೌದಿ ಹೊಚ್ಚಿದ ದಿನಕ್ಕೆ ಬಂದಾಗ ಒಂದು ಗಳಿಗೆ ನಿಲ್ಲುತ್ತಾನೆ. ಅವತ್ತು ನನಗೆ ಗೊತ್ತಿತ್ತು ಎಂದು ಹೇಳಿಯೇ ಮುಂದಿನ ಮಾತಿಗೆ ಹೋಗುತ್ತಾನೆ.